ಗುಮ್ಮಟಕ್ಕೆ ಎಷ್ಟು ಸರಳು ಅಲ್ಲ, ಎಲ್ಲಿ ಸರಳು?

ನಮ್ಮ ಕರಾವಳಿಯ ಹಳೆಯ ಪಳ್ಳಿಗಳಿಗೆ ಗುಮ್ಮಟ ಇರಲಿಲ್ಲ. ಮಂಗಳೂರು ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯ ಮರದ ಕೆಲಸ ನೋಡಿದವರಿಗೆ ಆ ಕಾಲದ ಕಟ್ಟೋಣದ ಅಂದಾಜು ಉಂಟು. ಮರದ ಕಂಬ, ಮರದ ತೊಲೆ, ಇಳಿಜಾರು ಮಾಡು, ಅದರ ಮೇಲೆ ಹೆಂಚು. ಮಳೆಗೆ ಅದೇ ಸರಿ. ಒಂದು ಹೆಂಚು ಒಡೆದರೆ ಬದಲಿಸಬಹುದು, ಒಂದು ಪಕ್ಕಾಸು ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಸಿಮೆಂಟು, ಕಬ್ಬಿಣ ಕೈಗೆಟಕಿದ ಮೇಲೆ ಪಳ್ಳಿಗಳು ಕಾಂಕ್ರೀಟಿನವು ಆದವು, ಗುಮ್ಮಟವೂ ಬಂತು. ಈಗ ಹೆದ್ದಾರಿಯಲ್ಲಿ ಹೋಗುವಾಗ ತೆಂಗಿನ ತೋಟದ ನಡುವೆ ಗುಮ್ಮಟ ಕಂಡರೆ ಅಲ್ಲೊಂದು ಮೊಹಲ್ಲಾ ಉಂಟು ಅಂತ ಗೊತ್ತಾಗುತ್ತದೆ.

ಆದರೆ ಗುಮ್ಮಟ ಅಂದರೆ ಬಾಗಿದ ಸ್ಲ್ಯಾಬ್ ಅಲ್ಲ. ಅದರ ಲೆಕ್ಕವೇ ಬೇರೆ. ಜಮಾಅತ್ ಕಮಿಟಿಯ ಸಭೆಯಲ್ಲಿ ಗುಮ್ಮಟದ ಮಾತು ಬಂದಾಗ ಎತ್ತರ ಎಷ್ಟು, ಬಣ್ಣ ಯಾವುದು, ಒಳಗೆ ಕೆತ್ತನೆ ಹೇಗೆ, ಖರ್ಚು ಎಷ್ಟು ಅಂತ ನಾವು ಕೇಳುತ್ತೇವೆ. ಕಬ್ಬಿಣದ ವಿಷಯ ಬಂದರೆ ‘ಎಷ್ಟು ಟನ್ ಬೇಕು?’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ನಿಜವಾಗಿ ಕೇಳಬೇಕಾದ್ದು ಸರಳು ಎಲ್ಲಿ ಕೂರುತ್ತದೆ, ಅದರ ಮೇಲೆ ಎಷ್ಟು ಕಾಂಕ್ರೀಟ್ ಇರುತ್ತದೆ, ಅದರ ಜೋಡಣೆ ಹೇಗೆ ಎಂದು. ಯಾಕೆ ಅಂತ ನೋಡೋಣ.

ತೆಳುವಾದರೂ ನಿಲ್ಲುವುದು ಹೇಗೆ?

ತೆಂಗಿನ ಗೆರಟೆಯನ್ನು ಕವುಚಿ ಹಾಕಿ ಮೇಲೆ ಕಾಲಿಟ್ಟರೆ ಅದು ಸುಲಭಕ್ಕೆ ಒಡೆಯುವುದಿಲ್ಲ. ಅದೇ ಗೆರಟೆಯ ಚಪ್ಪಟೆ ಚೂರು ಬೆರಳಲ್ಲಿ ಬಗ್ಗಿಸಿದರೆ ತುಂಡಾಗುತ್ತದೆ. ದಪ್ಪ ಒಂದೇ, ಆಕಾರ ಬೇರೆ. ಚಪ್ಪಟೆ ಸ್ಲ್ಯಾಬ್ ಭಾರ ಬಿದ್ದಾಗ ಬಗ್ಗುತ್ತದೆ. ಬಗ್ಗಿದಾಗ ಕೆಳಮೈ ಎಳೆಯಲ್ಪಡುತ್ತದೆ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಧಾರಾಳ, ಎಳೆತ ತಡೆಯುವ ಶಕ್ತಿ ತೀರಾ ಕಡಿಮೆ. ಹಾಗಾಗಿ ಸ್ಲ್ಯಾಬಿನ ಕೆಳಮೈಗೆ ಸರಳು ಹಾಕುತ್ತೇವೆ. ಗುಮ್ಮಟ ಬಗ್ಗುವುದು ಬಹಳ ಕಡಿಮೆ. ಭಾರವನ್ನೆಲ್ಲ ಒತ್ತಡವಾಗಿ ಮಾಡಿ ಮೇಲಿಂದ ಕೆಳಕ್ಕೆ ಇಳಿಸುತ್ತದೆ.

ವಿಜಯಪುರದ ಗೋಲ ಗುಮ್ಮಟವನ್ನೇ ತಗೊಳ್ಳಿ. 17ನೇ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹನಿಗಾಗಿ ಕಟ್ಟಿದ ಅದರ ಒಳ ಅಗಲ ಸುಮಾರು 38 ಮೀಟರ್. ಇಟ್ಟಿಗೆ ಗಾರೆಯ ಗುಮ್ಮಟದ ದಪ್ಪ ಸುಮಾರು 3 ಮೀಟರ್. ಅಲ್ಲಿ ಕಬ್ಬಿಣದ ಸರಳಿನ ಲೆಕ್ಕವಿಲ್ಲ, ದಪ್ಪವೇ ಎಲ್ಲವನ್ನೂ ಹಿಡಿದಿಟ್ಟಿದೆ. ಇನ್ನು ಸ್ಪೇನಿನ ದಕ್ಷಿಣ ತುದಿಯ ಅಲ್ಜೆಸಿರಾಸ್ ಪಟ್ಟಣ ನೋಡಿ. ಅರಬಿಯ ‘ಅಲ್ ಜಝೀರ’ ಎಂಬ ಮಾತೇ ಆ ಊರಿನ ಹೆಸರಾಗಿದೆ. ಅಲ್ಲಿನ ಮಾರುಕಟ್ಟೆಗೆ 1930ರ ದಶಕದಲ್ಲಿ ಇಂಜಿನಿಯರ್ ಎಡ್ವಾರ್ಡೊ ಟೊರ್ರೋಹ ಕಾಂಕ್ರೀಟ್ ಗುಮ್ಮಟ ಕಟ್ಟಿದರು. ಅಗಲ 47 ಮೀಟರಿಗೂ ಹೆಚ್ಚು, ಅಂದರೆ ಗೋಲ ಗುಮ್ಮಟಕ್ಕಿಂತ ದೊಡ್ಡದು. ದಪ್ಪ ಬರೀ 9 ಸೆಂಟಿಮೀಟರ್. ಕಂಬಗಳ ಹತ್ತಿರ ಮಾತ್ರ ಹೆಚ್ಚು.

ಅಷ್ಟು ತೆಳು ಚಿಪ್ಪು ಹೇಗೆ ನಿಂತಿತು? ಗುಮ್ಮಟದ ಸುತ್ತ, 8 ಕಂಬಗಳ ತಲೆಯನ್ನು ಸೇರಿಸಿ, 30 ಮಿಲಿಮೀಟರ್ ದಪ್ಪದ 16 ಸರಳುಗಳ ಒಂದು ಪಟ್ಟಿ ಕಟ್ಟಿದ್ದರು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಆ ಸರಳುಗಳನ್ನು ತಿರುಪಿ ಬಿಗಿ ಮಾಡಿದರು. ಸುತ್ತಲಿಂದ ಬಿಗಿ ಬಂದಾಗ ಗುಮ್ಮಟ ತಾನಾಗಿ ಸೆಂಟ್ರಿಂಗಿನಿಂದ ಮೇಲೆದ್ದಿತು. ಗುಮ್ಮಟವನ್ನು ಹಿಡಿದು ನಿಲ್ಲಿಸುವುದು ಅದರ ಸೊಂಟಪಟ್ಟಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ

ನಮ್ಮೂರಿನ ಅಳತೆಗೆ ಬರೋಣ. 12 ಮೀಟರ್ ಅಗಲ, ನಡುವಿನ ಎತ್ತರ 2 ಮೀಟರ್, ದಪ್ಪ 10 ಸೆಂಟಿಮೀಟರ್ ಇರುವ ಚಪ್ಪಟೆ ಗುಮ್ಮಟ ಅಂತ ಇಟ್ಟುಕೊಳ್ಳಿ. ಕಾಂಕ್ರೀಟಿನ ಭಾರವೇ ಚದರ ಮೀಟರಿಗೆ 250 ಕಿಲೋ. ಸಾರಣೆ, ನೀರು ಸೋರದ ಹಾಗೆ ಬಳಿಯುವ ಪದರ, ರಿಪೇರಿಗೆ ಹತ್ತುವವರ ಭಾರ ಎಲ್ಲ ಸೇರಿಸಿ 400 ಕಿಲೋ ಹಿಡಿಯೋಣ. ಮೇಲ್ಮೈ ಸುಮಾರು 126 ಚದರ ಮೀಟರ್. ಅಂದರೆ ಒಟ್ಟು 50 ಟನ್. ಕೆಳಗೆ ಸಫ್ ಕಟ್ಟಿ ನಿಂತವರ ತಲೆ ಮೇಲೆ 50 ಟನ್.

ಇಷ್ಟು ಭಾರ ಅಂಚಿಗೆ ಇಳಿಯುವಾಗ ಗುಮ್ಮಟದ ಮೈಯಲ್ಲಿ ಹುಟ್ಟುವ ಒತ್ತಡ ಎಷ್ಟು? ಒಂದು ಮೀಟರ್ ಅಗಲಕ್ಕೆ ಸುಮಾರು 2.2 ಟನ್. 10 ಸೆಂಟಿಮೀಟರ್ ದಪ್ಪದ ಎಂ30 ಕಾಂಕ್ರೀಟಿಗೆ ಇದು ಏನೂ ಅಲ್ಲ. ಅದರ ಶಕ್ತಿಯ ನೂರರಲ್ಲಿ ಒಂದು ಪಾಲೂ ಬಳಕೆಯಾಗುವುದಿಲ್ಲ. ಹಾಗಾದರೆ ತೊಂದರೆ ಎಲ್ಲಿ?

ಅಂಚಿನಲ್ಲಿ. ಚಪ್ಪಟೆ ಗುಮ್ಮಟದ ಭಾರ ನೇರ ಕೆಳಕ್ಕೆ ಇಳಿಯುವುದಿಲ್ಲ, ಓರೆಯಾಗಿ ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಅಂಚಿನ ಸುತ್ತ ಹಾಕುವ ರಿಂಗ್ ಬೀಮ್ ತಡೆಯಬೇಕು. ನಮ್ಮ ಲೆಕ್ಕದ ಗುಮ್ಮಟದಲ್ಲಿ ರಿಂಗ್ ಬೀಮಿನ ಎಳೆತ ಸುಮಾರು 10.7 ಟನ್. ಇದನ್ನು ಕಾಂಕ್ರೀಟ್ ತಡೆಯುವುದಿಲ್ಲ, ಪೂರ್ತಿ ಸರಳೇ ತಡೆಯಬೇಕು. ಬಿರುಕು ಬಾರದ ಹಾಗೆ ಸರಳಿನ ಮೇಲಿನ ಭಾರವನ್ನು ಮಿತಿಯಲ್ಲಿಟ್ಟರೆ 12 ಮಿಲಿಮೀಟರಿನ 8 ಸರಳು ಬೇಕು. ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿ, ಅಂದರೆ 6 ಮೀಟರ್ ಅಗಲ, 1 ಮೀಟರ್ ಎತ್ತರ ಮಾಡಿದರೆ ಈ ಎಳೆತ 2.7 ಟನ್ನಿಗೆ ಇಳಿಯುತ್ತದೆ. ಗುಮ್ಮಟ ಎರಡು ಪಟ್ಟು ದೊಡ್ಡದಾದರೆ ರಿಂಗಿನ ಎಳೆತ ನಾಲ್ಕು ಪಟ್ಟು. ಪಕ್ಕದ ಊರಿನ ಸಣ್ಣ ಗುಮ್ಮಟದ ಡ್ರಾಯಿಂಗ್ ತಂದು ನಮ್ಮ ದೊಡ್ಡ ಗುಮ್ಮಟಕ್ಕೆ ಕಟ್ಟಬಾರದು ಅನ್ನುವುದು ಇದಕ್ಕೇ.

ರಿಂಗ್ ಬೀಮ್ ಸಡಿಲವಾದರೆ ತಳ್ಳುವಿಕೆ ಎಲ್ಲಿಗೆ ಹೋಗುತ್ತದೆ? ಕೆಳಗಿನ ಗೋಡೆಗೆ. ನಮ್ಮ ಕೆಂಪುಕಲ್ಲಿನ ಗೋಡೆ ಮೇಲಿಂದ ಬರುವ ಭಾರ ಹೊರುತ್ತದೆ, ಪಕ್ಕಕ್ಕೆ ತಳ್ಳಿದರೆ ಕಲ್ಲು ಕಲ್ಲಿನ ಸಂದಿನಲ್ಲಿ ಬಾಯಿ ಬಿಡುತ್ತದೆ.

ಅರ್ಧ ಗೋಳವಾದರೆ?

ಸರಿ, ಪೂರ್ತಿ ಅರ್ಧ ಚೆಂಡಿನ ಹಾಗೆ ಎತ್ತರ ಕಟ್ಟಿದರೆ ಭಾರ ಅಂಚಿನಲ್ಲಿ ನೇರ ಕೆಳಕ್ಕೆ ಇಳಿಯುತ್ತದೆ, ಹೊರಕ್ಕೆ ತಳ್ಳುವುದಿಲ್ಲ. ಹಾಗಂತ ಎಳೆತ ಇಲ್ಲದಾಯಿತೇ? ಇಲ್ಲ. ಅದು ಗುಮ್ಮಟದ ಮೈಗೇ ಬಂತು. ಅರ್ಧ ಕಿತ್ತಳೆಯ ಸಿಪ್ಪೆಯನ್ನು ಕವುಚಿ ಮೇಲಿಂದ ಅಂಗೈಯಲ್ಲಿ ಒತ್ತಿ ನೋಡಿ. ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳ ಅಂಚು ಹೊರಕ್ಕೆ ಅರಳಿ ಮೇಲ್ಮುಖವಾಗಿ ಸೀಳುತ್ತದೆ. ಗುಮ್ಮಟ ಸೀಳುವುದೂ ಹೀಗೇ.

ಸ್ವಂತ ಭಾರದ ಲೆಕ್ಕದಲ್ಲಿ ಈ ಬದಲಾವಣೆ ಆಗುವ ಜಾಗ ನಿಖರವಾಗಿ ಗೊತ್ತುಂಟು. ಗೋಳದ ನಡುಬಿಂದುವಿನಿಂದ ನೆತ್ತಿಗೆ ಗೆರೆ ಎಳೆದು, ಅಲ್ಲಿಂದ ಸುಮಾರು 52 ಡಿಗ್ರಿ ಕೆಳಗೆ ಬಂದರೆ ಆ ಜಾಗ. ಅದರ ಮೇಲೆ ಸುತ್ತುಸರಳಿಗೆ ಎಳೆತವಿಲ್ಲ, ಕೆಳಗೆ ಎಳೆತ. 5 ಮೀಟರ್ ಎತ್ತರದ ಅರ್ಧ ಗೋಳದಲ್ಲಿ ಕೆಳಗಿನ 3 ಮೀಟರಿಗೂ ಸ್ವಲ್ಪ ಹೆಚ್ಚು ಭಾಗ ಎಳೆತದಲ್ಲಿರುತ್ತದೆ. ಹಾಗಾಗಿ ಅಡ್ಡಕ್ಕೆ ಸುತ್ತುವ ಸರಳುಗಳು ಕೆಳಗೆ ಹೋದಂತೆ ಒತ್ತೊತ್ತಾಗಿ ಇರಬೇಕು. ಕೆಳಗಿನಿಂದ ನೆತ್ತಿವರೆಗೆ ಒಂದೇ ಅಂತರದಲ್ಲಿ ಕಟ್ಟಿಕೊಂಡು ಹೋದರೆ ಬೇಕಾದಲ್ಲಿ ಕಡಿಮೆ, ಬೇಡವಾದಲ್ಲಿ ಹೆಚ್ಚು ಆಗಬಹುದು. ಈರುಳ್ಳಿ ಆಕಾರದಲ್ಲಿ ಕೆಳಗೆ ಉಬ್ಬಿ ಮತ್ತೆ ಒಳಕ್ಕೆ ಸೇರುವ ಗುಮ್ಮಟಕ್ಕಂತೂ ಪ್ರತ್ಯೇಕ ಲೆಕ್ಕವೇ ಬೇಕು.

ಮೈಯ ಸರಳು ಯಾತಕ್ಕೆ?

ಚಪ್ಪಟೆ ಗುಮ್ಮಟದ ಮೈಯಲ್ಲಿ ಒತ್ತಡ ಮಾತ್ರ ಇರುವುದಾದರೆ ಅಲ್ಲಿ ಸರಳಿನ ಜಾಲರಿ ಯಾತಕ್ಕೆ ಅಂತ ಕೇಳಬಹುದು. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಏಪ್ರಿಲ್ ಬಿಸಿಲಿಗೆ ಹಿಗ್ಗಿ, ಜೂನಿನ ಮೊದಲ ಮಳೆಗೆ ಫಕ್ಕನೆ ತಣ್ಣಗಾಗುತ್ತದೆ. ಗಾಳಿ ಒಂದೇ ಕಡೆಯಿಂದ ಬೀಸುತ್ತದೆ. ಇವುಗಳಿಂದ ಬರುವ ಬಿರುಕನ್ನು ಕೂದಲೆಳೆಯಷ್ಟಕ್ಕೆ ನಿಲ್ಲಿಸುವುದು ಜಾಲರಿಯ ಕೆಲಸ. 10 ಸೆಂಟಿಮೀಟರ್ ದಪ್ಪಕ್ಕೆ 8 ಮಿಲಿಮೀಟರಿನ ಸರಳನ್ನು 15 ಸೆಂಟಿಮೀಟರ್ ಅಂತರದಲ್ಲಿ ಎರಡೂ ದಿಕ್ಕಿಗೆ ಕಟ್ಟಿದರೆ ನಮ್ಮ ಲೆಕ್ಕದ ಗುಮ್ಮಟಕ್ಕೆ ಒಟ್ಟು ಆರೂವರೆ ಕ್ವಿಂಟಲಿನಷ್ಟು ಆಗುತ್ತದೆ. ರಿಂಗ್ ಬೀಮಿನ ಉದ್ದ ಸರಳುಗಳಿಗೆ ಸುಮಾರು 3 ಕ್ವಿಂಟಲ್. ತೂಕದಲ್ಲಿ ಜಾಲರಿಯೇ ದೊಡ್ಡದು, ಆದರೆ ಗುಮ್ಮಟದ ಜೀವ ಇರುವುದು ಆ 3 ಕ್ವಿಂಟಲಿನಲ್ಲಿ. ಟನ್ ಲೆಕ್ಕ ಕೇಳಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನೊಂದು ಜಾಗ ಉಂಟು. ಗುಮ್ಮಟದ ತೆಳು ಮೈ ದಪ್ಪ ರಿಂಗ್ ಬೀಮಿಗೆ ಸೇರುವಲ್ಲಿ ಅದು ಸ್ಲ್ಯಾಬಿನ ಹಾಗೆಯೇ ಬಗ್ಗುತ್ತದೆ. ಅಲ್ಲಿ ದಪ್ಪ ನಿಧಾನವಾಗಿ ಹೆಚ್ಚಿಸಬೇಕು, ಸರಳು ಒಳಮೈಗೂ ಹೊರಮೈಗೂ ಎರಡು ಪದರ ಬೇಕು. ಜಾಲರಿಯ ಸರಳು ರಿಂಗ್ ಬೀಮಿನ ಒಳಗೆ ಹೊಕ್ಕು ಕೊಕ್ಕೆ ಹಾಕಿ ನಿಲ್ಲಬೇಕು, ಅಂಚಿನಲ್ಲಿ ತುಂಡಾಗಿ ನಿಲ್ಲಬಾರದು.

ಕರಾವಳಿಗೆ 4 ಸೆಂಟಿಮೀಟರ್ ಸಾಹಸ ಬೇಡ

ಮೆಕ್ಸಿಕೋದಲ್ಲಿ ಫೆಲಿಕ್ಸ್ ಕಾಂಡೆಲ 1958ರಲ್ಲಿ ಹೋಟೆಲೊಂದಕ್ಕೆ ಹೂವಿನ ಎಸಳಿನಂಥ ಮಾಡು ಕಟ್ಟಿದರು. ದಪ್ಪ 4 ಸೆಂಟಿಮೀಟರ್. ನಮ್ಮ ದೇಶದ ಚಿಪ್ಪು ಮಾಡುಗಳ ನಿಯಮ ಐಎಸ್ 2210 ಕೂಡ ಎರಡು ದಿಕ್ಕಿಗೂ ಬಾಗಿದ ಚಿಪ್ಪಿಗೆ ಕನಿಷ್ಠ 40 ಮಿಲಿಮೀಟರ್ ಅನ್ನುತ್ತದೆ. ಬಲದ ಲೆಕ್ಕಕ್ಕೆ ಅದು ಸಾಕು. ನಮ್ಮ ಗಾಳಿಗೆ ಸಾಲದು.

ಕಡಲಗಾಳಿಯ ಉಪ್ಪು ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಇಳಿದು ಸರಳು ಮುಟ್ಟಿದರೆ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದ ಜಾಗದ ಹಲವು ಪಟ್ಟು ಜಾಗ ಕೇಳುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಅದನ್ನು ತಡೆಯುವುದು ಸರಳಿನ ಮೇಲಿನ ಕಾಂಕ್ರೀಟಿನ ದಪ್ಪ, ಅಂದರೆ ಕವರ್. ಐಎಸ್ 456ರ ಪ್ರಕಾರ ಕಡಲ ತೀರದ ಗಾಳಿಗೆ ತೆರೆದ ಮೈಗೆ 45 ಮಿಲಿಮೀಟರ್ ಕವರ್ ಬೇಕು, ಕಾಂಕ್ರೀಟ್ ಎಂ30ಕ್ಕಿಂತ ಕಡಿಮೆ ಇರಬಾರದು. ಗಾಳಿಯಿಂದ ಮರೆಯಾದ ಒಳಮೈಗೆ 30 ಮಿಲಿಮೀಟರ್. ಈಗ ಕೂಡಿಸಿ. ಹೊರಗೆ 45, ಒಳಗೆ 30, ನಡುವೆ ಒಂದರ ಮೇಲೊಂದು ಹೋಗುವ ಎರಡು ಸರಳು 8 ಮತ್ತು 8. ಒಟ್ಟು 91 ಮಿಲಿಮೀಟರ್. ಕೆಲಸದಲ್ಲಿ ಆಗುವ ಸಣ್ಣ ಹೆಚ್ಚುಕಡಿಮೆ ಸೇರಿಸಿದರೆ 10 ಸೆಂಟಿಮೀಟರ್. ನಮ್ಮಲ್ಲಿ ಗುಮ್ಮಟದ ದಪ್ಪ ತೀರ್ಮಾನಿಸುವುದು ಅದು ಹೊರುವ ಭಾರ ಅಲ್ಲ, ಸರಳಿಗೆ ಹೊದಿಸಬೇಕಾದ ಹೊದಿಕೆ. ಸಾರಣೆಯನ್ನು ಕವರ್ ಲೆಕ್ಕಕ್ಕೆ ಸೇರಿಸಬಾರದು.

ತೆಳು ಮೈಯಲ್ಲಿ ಒಂದು ಸೆಂಟಿಮೀಟರ್ ತಪ್ಪೂ ದೊಡ್ಡ ತಪ್ಪು. ಜಾಲರಿಯ ಮೇಲೆ ಕಾಲಿಟ್ಟು ನಡೆದರೆ ಅದು ಕೆಳಗೆ ಕೂರುತ್ತದೆ. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಸಿಕ್ಕಿಸಿದರೆ ಬಾಗಿದ ಮೈಯಲ್ಲಿ ಅದು ಜಾರುತ್ತದೆ. ಅದೇ ದರ್ಜೆಯ ಕಾಂಕ್ರೀಟಿನಲ್ಲಿ ಮಾಡಿದ ಕವರ್ ಬ್ಲಾಕ್‌ಗಳನ್ನು ತಂತಿಯಲ್ಲಿ ಬಿಗಿಯಬೇಕು. ಕಟ್ಟುವ ತಂತಿಯ ಬಾಲವನ್ನು ಒಳಕ್ಕೆ ಮಡಚಬೇಕು, ಹೊರಕ್ಕೆ ಬಿಟ್ಟರೆ ತುಕ್ಕು ಅದನ್ನೇ ಹಿಡಿದು ಒಳಗೆ ಹೋಗುತ್ತದೆ. ಅಳಿವೆಯ ಉಪ್ಪು ಹೊಯಿಗೆ, ಉಪ್ಪುನೀರಿನ ಬಾವಿಯ ನೀರು ಕಾಂಕ್ರೀಟಿಗೆ ಬೇಡವೇ ಬೇಡ. ಅದು ತುಕ್ಕಿನ ಬೀಜವನ್ನು ನಾವೇ ಒಳಗಿಟ್ಟ ಹಾಗೆ.

ಎರಡು ಊರು, ಎರಡು ಪಾಠ

ಇದೆಲ್ಲ ಹೆದರಿಸುವ ಮಾತಲ್ಲ. ಬರ್ಲಿನ್‌ನಲ್ಲಿ 1957ರಲ್ಲಿ ಕಟ್ಟಿದ ಕಾಂಗ್ರೆಸ್ ಸಭಾಭವನದ ಬಾಗಿದ ಕಾಂಕ್ರೀಟ್ ಮಾಡು ಆ ಕಾಲದಲ್ಲಿ ಬಹಳ ಹೆಸರು ಮಾಡಿತ್ತು. 1980ರ ಮೇ 21ರಂದು ಅದರ ಒಂದು ಭಾಗ ಕುಸಿಯಿತು, ಒಬ್ಬರು ತೀರಿಕೊಂಡರು. ಮಾಡನ್ನು ಎಳೆದು ಹಿಡಿದಿದ್ದ ಉಕ್ಕಿಗೆ ನೀರು ಇಳಿದು ತುಕ್ಕು ಹಿಡಿದಿತ್ತು. 23 ವರ್ಷ ಹೊರಗಿನಿಂದ ಚಂದವಾಗಿ ಕಾಣುತ್ತಿದ್ದ ಮಾಡು ಅದು.

ಪ್ಯಾರಿಸ್ ವಿಮಾನ ನಿಲ್ದಾಣದ 2ಇ ಟರ್ಮಿನಲ್ 2003ರಲ್ಲಿ ತೆರೆಯಿತು. ವರ್ಷ ತುಂಬುವ ಮೊದಲೇ, 2004ರ ಮೇ 23ರಂದು, ಅದರ ಕಾಂಕ್ರೀಟ್ ಚಿಪ್ಪು ಮಾಡು ಬಿದ್ದು ನಾಲ್ವರು ಸತ್ತರು. ತನಿಖೆ ಹೇಳಿದ ಹಲವು ಕಾರಣಗಳಲ್ಲಿ ಒಂದು, ಸರಳು ಕಡಿಮೆ ಇದ್ದದ್ದು ಅಥವಾ ತಪ್ಪು ಜಾಗದಲ್ಲಿ ಇದ್ದದ್ದು. ದುಡ್ಡಿಗೂ ಇಂಜಿನಿಯರುಗಳಿಗೂ ಕೊರತೆಯಿಲ್ಲದ ಊರುಗಳಲ್ಲೇ ಹೀಗಾದರೆ, ನಮ್ಮಲ್ಲಿ ಎಷ್ಟು ಜಾಗ್ರತೆ ಬೇಕು ಅಂತ ಯೋಚಿಸಬೇಕು.

14 ಕಿಲೋ ಉಳಿತಾಯ

ರಿಂಗ್ ಬೀಮಿಗೆ ಮತ್ತೆ ಬರೋಣ. ನಮ್ಮ ಲೆಕ್ಕದ ಗುಮ್ಮಟದ ಸುತ್ತಳತೆ ಸುಮಾರು 38 ಮೀಟರ್. ಅಂಗಡಿಯಿಂದ ಬರುವ ಸರಳು 12 ಮೀಟರ್. ಅಂದರೆ ಒಂದೊಂದು ಸುತ್ತಿಗೆ 4 ಜೋಡಣೆ, 8 ಸುತ್ತಿಗೆ 32. ಸರಳಿನ ಮೇಲೆ ಸರಳು ಎಷ್ಟು ಉದ್ದ ಹಾಯಬೇಕು? ಮನೆ ಕೆಲಸದಲ್ಲಿ ಸರಳಿನ ದಪ್ಪದ 50 ಪಟ್ಟು ಅನ್ನುವುದು ರೂಢಿ. 12 ಮಿಲಿಮೀಟರಿಗೆ 60 ಸೆಂಟಿಮೀಟರ್. ಸ್ಲ್ಯಾಬಿಗೆ ಅದು ಸಾಕು. ಆದರೆ ರಿಂಗ್ ಬೀಮಿನ ಸರಳು ಹಗ್ಗದ ಹಾಗೆ ನೇರ ಎಳೆತದಲ್ಲಿರುತ್ತದೆ. ನೇರ ಎಳೆತಕ್ಕೆ ಐಎಸ್ 456 ಕೇಳುವುದು ಹೆಚ್ಚುಕಡಿಮೆ ಎರಡು ಪಟ್ಟು. ಎಂ30 ಕಾಂಕ್ರೀಟ್, 500 ದರ್ಜೆಯ ಸರಳಿಗೆ ಸುಮಾರು 1 ಮೀಟರ್ 9 ಸೆಂಟಿಮೀಟರ್. ಜೋಡಣೆಯ ಸುತ್ತ ಸಣ್ಣ ಸರಳಿನ ಸುರುಳಿಯನ್ನೂ ಸುತ್ತಬೇಕು. ಎಲ್ಲ ಜೋಡಣೆ ಒಂದೇ ಜಾಗದಲ್ಲಿ ಬರಬಾರದು.

‘ಸಾಕು ಕಾಕ, ಮನೆಗೆ ಹಾಕಿದ್ದೇ ಇಲ್ಲಿಗೂ ಆಯಿತು’ ಅಂತ ಸರಳು ಕಟ್ಟುವ ಹುಡುಗ ಹೇಳಿದರೆ, ಮೇಸ್ತ್ರಿ ತಲೆಯಾಡಿಸಿದರೆ, 32 ಜೋಡಣೆಯಲ್ಲಿ ಉಳಿಯುವ ಸರಳು ಎಷ್ಟು? 14 ಕಿಲೋ ತುಂಬುವುದಿಲ್ಲ. ಆ 14 ಕಿಲೋದ ಮೇಲೆ 50 ಟನ್ ನಿಂತಿರುತ್ತದೆ. ಹುಡುಗನ ತಪ್ಪಲ್ಲ, ಡ್ರಾಯಿಂಗ್ ಕೈಗೆ ಕೊಡದೆ ಅಂದಾಜಿನಲ್ಲಿ ಕೆಲಸ ಮಾಡಿಸಿದವರ ತಪ್ಪು. ಗಲ್ಫಿನ ದೊಡ್ಡ ಸೈಟುಗಳಲ್ಲಿ ದುಡಿದು ಬಂದ ನಮ್ಮವರಿಗೆ ಇದು ಗೊತ್ತುಂಟು. ಅಲ್ಲಿ ಇಂಜಿನಿಯರ್ ಬಂದು ಸರಳು ನೋಡಿ ಸಹಿ ಹಾಕದೆ ಕಾಂಕ್ರೀಟ್ ಸುರಿಯುವುದಿಲ್ಲ. ಆ ಶಿಸ್ತು ಊರಿನ ಕೆಲಸಕ್ಕೂ ಬೇಕು. ಅಂಥವರೊಬ್ಬರು ಪ್ರತಿ ಮೊಹಲ್ಲಾದಲ್ಲೂ ಸಿಕ್ಕಾರು. ಅವರನ್ನು ಕಮಿಟಿಯ ಜೊತೆ ಸೈಟಿಗೆ ಕರೆದುಕೊಂಡು ಹೋಗೋಣ.

ಈಗಾಗಲೇ ಇರುವ ಗುಮ್ಮಟ

ಕಟ್ಟಿ ಆದ ಗುಮ್ಮಟಗಳೂ ನಮ್ಮ ಹೊಣೆ. ಒಳಮೈಯಲ್ಲಿ ಕಂದು ಬಣ್ಣದ ಕಲೆ, ಸರಳಿನ ಜಾಡು ಹಿಡಿದು ಹೋಗುವ ಬಿರುಕು, ರಿಂಗ್ ಬೀಮಿನಲ್ಲಿ ಮೇಲಿಂದ ಕೆಳಕ್ಕೆ ನೇರ ಬಿರುಕು, ಉಬ್ಬಿದ ಸಾರಣೆ, ತಟ್ಟಿದರೆ ಟೊಳ್ಳು ಸದ್ದು. ಇವು ಕಂಡರೆ ಸಾರಣೆ ಬಳಿದು ಬಣ್ಣ ಹೊಡೆಯುವುದು ರಿಪೇರಿ ಅಲ್ಲ, ಮುಚ್ಚಿಡುವುದು. ಸ್ಟ್ರಕ್ಚರಲ್ ಇಂಜಿನಿಯರ್ ನೋಡಬೇಕು. ಟೊಳ್ಳಾದ ಕಾಂಕ್ರೀಟ್ ಕಿತ್ತು, ತುಕ್ಕು ಪೂರ್ತಿ ತೆಗೆದು, ಸರಳು ಸವೆದಿದ್ದರೆ ಹೊಸ ಸರಳು ಸೇರಿಸಿ ಮತ್ತೆ ಮುಚ್ಚಬೇಕು. ಅಷ್ಟರವರೆಗೆ ಅದರ ಕೆಳಗೆ ಮದ್ರಸದ ಮಕ್ಕಳನ್ನು ಕೂರಿಸದಿರುವುದು ಒಳ್ಳೆಯದು.

ನೆತ್ತಿಯ ಚಂದ್ರನ ಪೈಪು ಹಾಯುವ ಜಾಗವನ್ನು ಮಳೆಗಾಲದ ಮೊದಲು ನೋಡಿ. ಕರಾವಳಿಯ ಮಳೆಗೆ ಅಷ್ಟು ಸಣ್ಣ ಸಂದು ಸಾಕು. ಮೈಕಿಗೆ, ಲೈಟಿಗೆ, ಫ್ಯಾನಿಗೆ ಅಂತ ರಿಂಗ್ ಬೀಮಿಗೆ ತೂತು ಕೊರೆಯುವಾಗ ಸರಳು ತುಂಡಾಗುವುದೂ ಉಂಟು. ಇಂಜಿನಿಯರನ್ನು ಕೇಳದೆ ಅಲ್ಲಿ ಡ್ರಿಲ್ ಇಡಬಾರದು.

ಕಾಂಕ್ರೀಟಿನ ಹಿಂದಿನ ದಿನ

ಹೊಸದಾಗಿ ಕಟ್ಟುವ ಕಮಿಟಿಯವರು ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಡ್ರಾಯಿಂಗ್ ಹಿಡಿದು ಸೆಂಟ್ರಿಂಗ್ ಮೇಲೆ ಹತ್ತಬೇಕು. ಈ ಅಳತೆಗೇ ಮಾಡಿದ, ಇಂಜಿನಿಯರ್ ಸಹಿ ಇರುವ ಡ್ರಾಯಿಂಗ್ ಹೌದಾ? ರಿಂಗ್ ಬೀಮಿನಲ್ಲಿ ಸರಳು ಎಷ್ಟು, ಜೋಡಣೆ ಎಷ್ಟು ಉದ್ದ, ಒಂದೇ ಕಡೆ ಸೇರಿದೆಯಾ? ಅಂಚಿನಲ್ಲಿ ಎರಡು ಪದರ ಉಂಟಾ? ಕವರ್ ಬ್ಲಾಕ್ ಎಷ್ಟು ದಪ್ಪ? ಟೇಪು ಹಿಡಿದು ಅಳೆಯಲು ಒಂದು ಗಂಟೆ ಸಾಕು. ಕಾಂಕ್ರೀಟ್ ಸುತ್ತಲೂ ಸಮವಾಗಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಒಂದು ಮಗ್ಗುಲು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬಾರದು. ಸೆಂಟ್ರಿಂಗ್ ಬಿಚ್ಚುವುದು ನೆತ್ತಿಯಿಂದ ಅಂಚಿಗೆ, ಅದೂ ರಿಂಗ್ ಬೀಮಿಗೆ ಸಾಕಷ್ಟು ಬಲ ಬಂದಿದೆ ಎಂದು ಇಂಜಿನಿಯರ್ ಹೇಳಿದ ಮೇಲೆ.

ಈ ಕಟ್ಟಡಗಳಿಗೆ ಬರುವುದು ಗಲ್ಫಿನ ಬಿಸಿಲಲ್ಲಿ ದುಡಿದವರ ಹಣ, ಬೀಡಿ ಕಟ್ಟಿದ ಉಮ್ಮಂದಿರ ಹಣ. ಅದರ ಕೆಳಗೆ ನಿಲ್ಲುವವರು ನಮ್ಮ ಮಕ್ಕಳು ಮತ್ತು ಅವರ ಮಕ್ಕಳು. ಬಣ್ಣ ಹಳತಾದರೆ ಮತ್ತೆ ಬಳಿಯಬಹುದು. ಒಳಗಿನ ಸರಳನ್ನು ಸರಿಯಾದ ಜಾಗದಲ್ಲಿ ಇಡಲು ಸಿಗುವುದು ಆ ಒಂದು ದಿನ ಮಾತ್ರ.